ಏಣಿ ಹಿಡಿದ ಏಳು ಜನ

ತನ್ನ ಏಣಿಯನ್ನು ಹೇಳದೆ ಕೇಳದೆ ಹಿಡಿದ ಏಳು ಜನರ ಮೇಲೆ ಪೇಂಟರ್‌ಗೆ ಇವತ್ತಿಗೂ ಸಿಟ್ಟಿದೆ. ಏಳೂ ಜನ ಸಂಸತ್ತಿನ ಸದಸ್ಯರು. ಅವರಲ್ಲಿ ಇಬ್ಬರು ಮುಂದಿನ ಚುನಾವಣೆಯಲ್ಲಿ ಸೋತರು, ಒಬ್ಬರು ತೀರಿಕೊಂಡರು. ಸತ್ತವರ ಮೇಲೆ ಸಿಟ್ಟಿಟ್ಟುಕೊಳ್ಳಬಾರದು ಎಂದು ಹೆಂಡತಿ ಬುದ್ಧಿ ಹೇಳಿದ್ದಕ್ಕೆ, "ಸತ್ತರೆ ಸತ್ತರು, ಹಿಡಿದದ್ದು ಹಿಡಿದದ್ದೇ" ಎಂದು ಉತ್ತರ ಕೊಟ್ಟ.

ಪೇಂಟರ್ ಓದಿದ್ದು ಐದನೆಯ ತರಗತಿ. ಆರನೆಯ ತರಗತಿಯ ಬಾಗಿಲಿನವರೆಗೂ ಹೋಗಿದ್ದನಂತೆ. ಆ ಬಾಗಿಲಿಗೆ ಆವತ್ತು ಬಣ್ಣ ಹೊಡೆಯುತ್ತಿದ್ದರು. ನೋಡುತ್ತ ನಿಂತವನು ಒಳಗೆ ಹೋಗಲೇ ಇಲ್ಲ. ಬ್ರಷ್ ತೊಳೆದು, ಗೋಡೆ ಕೆರೆದು, ಬಿರುಕು ತುಂಬಿ, ಮೀಸೆ ಬರುವ ಹೊತ್ತಿಗೆ ಸ್ವಂತ ಏಣಿ ಮಾಡಿಸಿಕೊಂಡಿದ್ದ. ಕೆಲಸ ಕನ್ನಡಿ, ಬಾಯಿ ಕೊಡಲಿ. ಸಿಟ್ಟು ಮೂಗಿನ ತುದಿಯಲ್ಲಿ ಎನ್ನುತ್ತಾರಲ್ಲ, ಇವನಿಗೆ ಅದು ಮೂಗನ್ನೂ ದಾಟಿ ಬ್ರಷ್ಷಿನ ತುದಿಗೆ ಬಂದಿತ್ತು. ಬಣ್ಣ ಇನ್ನೊಂಚೂರು ತಿಳಿಯಾಗಿದ್ದರೆ ಚೆನ್ನಾಗಿತ್ತು ಎಂದ ಮನೆ ಯಜಮಾನನ ಕೈಗೆ ಡಬ್ಬಿ, ಬ್ರಷ್, ಏಣಿ ಮೂರನ್ನೂ ಕೊಟ್ಟು, ಅವನ ಕುರ್ಚಿಯಲ್ಲಿ ತಾನು ಕೂತು, "ಹೊಡೀರಿ, ನಾನು ಹೇಳ್ತೀನಿ" ಎಂದವನು ಇವನು. ಇಂಥವನ ಕೈಕೆಳಗೆ ಆಳು ನಿಲ್ಲುವುದುಂಟೆ? ಒಬ್ಬ ಊಟಕ್ಕೆಂದು ಹೋದವನು, ಬಿಟ್ಟುಹೋದ ಚಪ್ಪಲಿಗೂ ವಾಪಸು ಬರಲಿಲ್ಲ.

ನಿಂತವನು ಒಬ್ಬನೇ, ಹೆಂಡತಿಯ ತಮ್ಮ. ಅವನನ್ನು ಎಲ್ಲರೂ ಸಾವಕಾಶ ಎಂದೇ ಕರೆಯುತ್ತಿದ್ದರು. ಏನು ಹೇಳಿದರೂ "ಸಾವಕಾಶ ಮಾಡೋಣ ಭಾವ" ಎನ್ನುವುದು ಅವನ ಕ್ರಮ. ಬೈದರೆ ಬೇಜಾರು ಮಾಡಿಕೊಳ್ಳುವುದಕ್ಕೂ ಅವನು ಅವಸರ ಪಡುತ್ತಿರಲಿಲ್ಲ. ಏಣಿ ಹಿಡಿಯುವುದು ಅವನ ಕೆಲಸ.

ಒಂದು ದಿನ ಸಿನಿಮಾ ಮಂದಿರದ ಪಕ್ಕದ ಗೋಡೆಗೆ ಬಣ್ಣ ಹೊಡೆಯುತ್ತಿದ್ದರು. ಕೆಳಗೆ ಹಿಡಿದವನಿದ್ದಾನೆ ಎಂಬ ಧೈರ್ಯಕ್ಕೆ ಪೇಂಟರ್ ಕೈಗೆಟುಕದ ಮೂಲೆಯ ಕಡೆ ವಾಲಿದ್ದ. ಅಷ್ಟರಲ್ಲಿ ರಸ್ತೆಯಲ್ಲಿ ಇಬ್ಬರು ಲಾರಿ ಚಾಲಕರು ಯಾರು ಹಿಂದೆ ಸರಿಯಬೇಕೆಂದು ಜಗಳಕ್ಕೆ ನಿಂತರು. ಸಾವಕಾಶ ಮೊದಲು ಕತ್ತು ತಿರುಗಿಸಿದ. ಆಮೇಲೆ ಒಂದು ಕೈ ಬಿಟ್ಟ. ಜಗಳ ರಂಗೇರಿತು ಅನಿಸಿದಾಗ ಇನ್ನೊಂದನ್ನೂ ಬಿಟ್ಟು ಚೂರು ಮುಂದೆ ಹೋದ. ಪೇಂಟರ್ ಬಿದ್ದ ಸದ್ದಿಗೆ ಲಾರಿಯವರು ಜಗಳ ನಿಲ್ಲಿಸಿದರು.

ಬಲಹೆಗಲ ಮೂಳೆ ಮುರಿಯಿತು. ಕೂಡಿಕೊಂಡ ಮೇಲೂ ಆ ಕೈ ಕಿವಿಯ ಮಟ್ಟ ದಾಟಿದರೆ ಹಿಡಿದುಕೊಂಡುಬಿಡುತ್ತಿತ್ತು. ಆಸ್ಪತ್ರೆಯ ಮಂಚದ ಪಕ್ಕದಲ್ಲಿ ಹೆಂಡತಿ ಕೂತು ಹೇಳಿದಳು: "ನೋಡ್ರೀ, ಯಾರು ಕೇಳಿದ್ರೂ ಬಚ್ಚಲಲ್ಲಿ ಜಾರಿ ಬಿದ್ದೆ ಅನ್ನಿ. ಏಣಿ ಬಿಟ್ಟು ಜಗಳ ನೋಡೋಕೆ ಹೋದ ಅಂತ ಗೊತ್ತಾದ್ರೆ ಅವನಿಗೆ ಯಾರು ಕೆಲಸ ಕೊಡ್ತಾರೆ? ತಾಯಿ ಇಲ್ಲದೋನು."

"ತಾಯಿ ಇಲ್ಲದೋನಿಗೆ ಕೈನೂ ಇಲ್ವಾ?"

"ಬಚ್ಚಲು ಅನ್ನಿ."

ಬಚ್ಚಲೇ ಆಯಿತು. ಆಸ್ಪತ್ರೆಯವರಿಗೂ ಅದೇ, ನೆಂಟರಿಗೂ ಅದೇ. ಬಂದವರೆಲ್ಲ ಬಚ್ಚಲಿನ ಕಲ್ಲು ಬದಲಾಯಿಸಿ ಎಂದು ಸಲಹೆ ಕೊಟ್ಟು ಹೋದರು. ಪೇಂಟರ್ ಒಂದೇ ಷರತ್ತು ಹಾಕಿದ: ಇನ್ನು ಮೇಲೆ ತನ್ನ ಏಣಿಯನ್ನು ಯಾರೂ ಮುಟ್ಟಕೂಡದು, ಸಾವಕಾಶ ಅದರ ನೆರಳನ್ನೂ ಮುಟ್ಟಕೂಡದು. ಅಂದಿನಿಂದ ಒಬ್ಬನೇ ದುಡಿದ. ಹಿಡಿಯುವವನಿಲ್ಲದ್ದರಿಂದ ವಾಲುವುದನ್ನು ಬಿಟ್ಟ. ಅಡಿಗಡಿಗೆ ಇಳಿದು ಏಣಿ ಸರಿಸಿದ. ಕೆಲಸ ನಿಧಾನವಾಯಿತು, ಮನಸ್ಸು ತಣ್ಣಗಾಯಿತು. ಬೈಯಲು ಯಾರೂ ಇಲ್ಲದ್ದರಿಂದ ಗೋಡೆಯನ್ನೇ ಬೈದುಕೊಂಡು ಸುಖವಾಗಿದ್ದ.

ಆ ಸುಖಕ್ಕೆ ಕಲ್ಲು ಬಿದ್ದದ್ದು ಸಂಸತ್ತಿನಿಂದ. ಪ್ರಶ್ನೋತ್ತರ ವೇಳೆಯಲ್ಲಿ ಒಬ್ಬ ಸದಸ್ಯರು, ಕಳೆದ ವರ್ಷ ದೇಶದಲ್ಲಿ ಏಣಿಯಿಂದ ಬಿದ್ದವರು ಎಷ್ಟು ಎಂದು ಕೇಳಿದರು. ಅವರು ನಿಜವಾಗಿ ಕೇಳಬೇಕೆಂದಿದ್ದದ್ದು ತಮ್ಮ ಕಡೆಯ ಸೇತುವೆಯ ವಿಷಯ; ಬರೆದುಕೊಟ್ಟ ಪ್ರಶ್ನೆಗಳಲ್ಲಿ ಚೀಟಿ ಎತ್ತುವಾಗ ಅದು ಬರಲಿಲ್ಲ, ಇದು ಬಂತು. ಸಚಿವರಿಗೆ ಉತ್ತರ ಗೊತ್ತಿರಲಿಲ್ಲ. "ಮಾಹಿತಿ ಸಂಗ್ರಹಿಸಲಾಗುತ್ತಿದೆ" ಎಂದರು. ಸದನದಲ್ಲಿ ಹಾಗೆಂದ ಮೇಲೆ ಸಂಗ್ರಹಿಸಲೇಬೇಕು. ಇಲಾಖೆ ಆಸ್ಪತ್ರೆಗಳಿಗೆ ಬರೆಯಿತು. ಆಸ್ಪತ್ರೆಗಳು ಏಣಿಯಿಂದ, ಮರದಿಂದ, ಮಂಚದಿಂದ ಬಿದ್ದವರನ್ನೆಲ್ಲ ಒಟ್ಟುಹಾಕಿ ಕಳಿಸಿದವು. ಲೆಕ್ಕ ದೊಡ್ಡದಾಯಿತು. ಅಷ್ಟು ದೊಡ್ಡ ಲೆಕ್ಕ ಇಟ್ಟುಕೊಂಡು ಸುಮ್ಮನೆ ಕೂತರೆ, ಇಷ್ಟು ಜನ ಬೀಳುವಾಗ ಸರ್ಕಾರ ಏನು ಮಾಡುತ್ತಿತ್ತು ಎಂದು ಮುಂದಿನ ಅಧಿವೇಶನದಲ್ಲಿ ಕೇಳುತ್ತಾರೆ. ಏನಾದರೂ ಮಾಡಲೇಬೇಕಾಯಿತು. ಮಂಚಕ್ಕೆ ಕಾನೂನು ಮಾಡಲಾಗದು. ಏಣಿ ಸಿಕ್ಕಿತು.

ಇಲಾಖೆ ಕರಡು ಬರೆಯಿತು: ಆಳೆತ್ತರ ಮೀರಿದ ಏಣಿಯನ್ನು ಹತ್ತುವಾಗ ಕೆಳಗೆ ಹಿಡಿಯಲು ಇನ್ನೊಬ್ಬ ವ್ಯಕ್ತಿ ಕಡ್ಡಾಯ. ಆಕ್ಷೇಪಣೆ ಇದ್ದವರು ತಿಂಗಳೊಳಗೆ ತಿಳಿಸಬೇಕೆಂದು ಪತ್ರಿಕೆಗಳಲ್ಲಿ ಪ್ರಕಟಣೆ ಕೊಟ್ಟಿತು.

ಪೇಂಟರ್‌ಗೆ ಪತ್ರಿಕೆ ಓದುವ ಅಭ್ಯಾಸವಿತ್ತು. ಆದರೆ ಎಲ್ಲ ಪೇಂಟರುಗಳ ಹಾಗೆ ಅವನೂ ಓದುತ್ತಿದ್ದದ್ದು ನೆಲಕ್ಕೆ ಬಣ್ಣ ತೊಟ್ಟಿಕ್ಕದಂತೆ ಹಾಸುವ ರದ್ದಿ ಪತ್ರಿಕೆಯನ್ನು. ದೇಶದ ಸುದ್ದಿ ಅವನಿಗೆ ತಲುಪುವಷ್ಟರಲ್ಲಿ ಹಳಸಿರುತ್ತಿತ್ತು. ಒಮ್ಮೆ ಒಬ್ಬ ಮಂತ್ರಿ ರಾಜೀನಾಮೆ ಕೊಟ್ಟದ್ದನ್ನು ಓದಿ ಖುಷಿಪಟ್ಟಿದ್ದ. ಆ ಮಂತ್ರಿ ಅಷ್ಟರಲ್ಲಿ ವಾಪಸು ಬಂದು ಎರಡನೆಯ ಸಲ ರಾಜೀನಾಮೆ ಕೊಟ್ಟಾಗಿತ್ತು. ಈ ಪ್ರಕಟಣೆ ಕಂಡಾಗಲೂ ಅಷ್ಟೇ. ಚಹಾ ಕುಡಿಯುತ್ತ ಕೂತವನ ಕಾಲಬುಡದಲ್ಲಿ ಅದಿತ್ತು. ಆಕ್ಷೇಪಣೆಯ ತಿಂಗಳು ಕಳೆದು ಎಷ್ಟೋ ದಿನವಾಗಿತ್ತು.

ಅವನಿಗೆ ತಕ್ಷಣ ಅರ್ಥವಾಯಿತು. ಬೇರೆ ಯಾರೂ ತನ್ನ ಜೊತೆ ಒಂದು ಹೊತ್ತು ನಿಲ್ಲುವುದಿಲ್ಲ. ಕಾನೂನು ಬಂದರೆ ಸಾವಕಾಶನೇ ಗತಿ. ತಮ್ಮನನ್ನು ವಾಪಸು ಸೇರಿಸಿಕೊಳ್ಳಿ ಎಂದು ಹೆಂಡತಿ ಅಡುಗೆಮನೆಯಲ್ಲಿ ಮತ್ತೆ ಮತ್ತೆ ಮಂಡಿಸಿ, ಪ್ರತಿ ಸಲವೂ ಸೋತಿದ್ದ ಮಸೂದೆಯೇ ಇದು. ಈಗ ಸರ್ಕಾರ ಅವಳ ಪಕ್ಷ ಸೇರಿತ್ತು.

ಆ ಪತ್ರಿಕೆಯ ಹಾಳೆ ಹಿಡಿದು, ಬಣ್ಣದ ಬಟ್ಟೆಯಲ್ಲೇ, ತನ್ನ ಕ್ಷೇತ್ರದ ಸದಸ್ಯೆಯ ಕಚೇರಿಗೆ ಹೋದ. ಆಕೆ ವಿರೋಧ ಪಕ್ಷದವರು. ಹಿಂದೆ ಶಾಲೆಯಲ್ಲಿ ಪಾಠ ಹೇಳುತ್ತಿದ್ದರಾದ್ದರಿಂದ ಎಲ್ಲರಿಗೂ ಟೀಚರ್.

"ಕೂತ್ಕೊಳ್ಳಿ. ಯಾಕಿಷ್ಟು ಕೋಪ?"

"ಕೋಪ ಇಲ್ಲ ಟೀಚರ್."

"ಮತ್ತೆ ಮೇಜು ಯಾಕೆ ಗುದ್ದಿದ್ರಿ?"

"ಅಲ್ಲಾಡ್ತಾ ಇತ್ತು. ಒಂದು ಕಾಲು ಗಿಡ್ಡ ಇದೆ ನೋಡಿ."

ಟೀಚರ್ ಬಗ್ಗಿ ನೋಡಿದರು. ಗಿಡ್ಡವಿತ್ತು. ಆಮೇಲೆ ಅವನ ಮಾತು ಪೂರ್ತಿ ಕೇಳಿಸಿಕೊಂಡರು. "ಹಿಡಿಯೋನು ಇದ್ದಾನೆ ಅಂತಲೇ ಮನುಷ್ಯ ವಾಲೋದು ಟೀಚರ್. ಇಲ್ಲದಿದ್ರೆ ಮುಚ್ಕೊಂಡು ನೆಟ್ಟಗೆ ನಿಲ್ತಾನೆ" ಎಂದ. ಆಕೆ ಅದನ್ನು ಬರೆದುಕೊಂಡರು, ಒಂದು ಪದ ಬಿಟ್ಟು.

"ಆಕ್ಷೇಪಣೆಯ ಕಾಲ ಮುಗಿದಿದೆ, ಹೋಗಲಿ. ಕರಡು ಆದ ಮೇಲೆ ಮಸೂದೆ ಬರುತ್ತೆ. ಮಸೂದೆಯನ್ನ ಸಮಿತಿಗೆ ಕಳಿಸಿ ಅಂತ ನಾವು ಹಟ ಹಿಡೀತೀವಿ. ಸಮಿತಿ ಸಾಕ್ಷಿಗಳನ್ನ ಕರೆಯುತ್ತೆ, ನಿಮ್ಮನ್ನ ಕರೆಸ್ತೀನಿ. ಸಮಿತಿಯ ಏಳು ಜನರಲ್ಲಿ ನಾವು ಮೂವರು, ಅವರು ನಾಲ್ವರು. ಆದ್ರೆ ಅವರಲ್ಲೂ ಇಬ್ಬರಿಗೆ ಇದು ಇಷ್ಟವಿಲ್ಲ, ಬಿಡೋಕೆ ಒಂದು ನೆಪ ಬೇಕು ಅಷ್ಟೇ."

"ಎಂಥ ನೆಪ?"

"ಏಣಿ ಹಿಡಿದೋರು ಇದ್ದೂ ಬಿದ್ದ ಉದಾಹರಣೆ ಒಂದೂ ಇಲ್ಲ ಅಂತ ಇಲಾಖೆ ಬರೆದುಕೊಟ್ಟಿದೆ. ಅಂಥ ಒಬ್ಬೇ ಒಬ್ಬ ಮನುಷ್ಯ ಬಂದು ಸಮಿತಿ ಮುಂದೆ ಕೂತರೆ ಈ ಕಲಂ ನಿಲ್ಲಲ್ಲ. ನಿಮಗೆ ಗೊತ್ತಿರೋರು ಯಾರಾದ್ರೂ ಇದ್ದಾರಾ?"

ಪೇಂಟರ್ ಬಲಹೆಗಲನ್ನು ತಿಕ್ಕಿಕೊಂಡ. "ನೋಡ್ತೀನಿ" ಎಂದ.

"ಬರೋವಾಗ ಇದೇ ಕೋಪದಲ್ಲಿ ಬನ್ನಿ. ಚೆನ್ನಾಗಿರುತ್ತೆ."

ಮಸೂದೆ ಬಂತು, ಸಮಿತಿಗೆ ಹೋಯಿತು, ಪೇಂಟರ್‌ಗೆ ಕರೆ ಬಂತು. ಏಣಿಯನ್ನೂ ತರಬೇಕೆಂದು ಸೂಚನೆಯಿತ್ತು. ಸದಸ್ಯರಲ್ಲಿ ಕೆಲವರು ಏಣಿಯನ್ನು ಹತ್ತಿರದಿಂದ ನೋಡಿರಲಿಲ್ಲವಂತೆ.

ಹೊರಡುವ ಮುಂಚೆ ಹೆಂಡತಿ ಅವನ ಅಂಗಿಯ ಕಾಲರು ಸರಿಮಾಡುತ್ತ, "ಅಲ್ಲಿ ಏನು ಬೇಕಾದ್ರೂ ಹೇಳಿ. ನನ್ನ ತಮ್ಮನ ವಿಷಯ ಮಾತ್ರ ಎತ್ತಬೇಡಿ" ಎಂದಳು.

"ಹೆಸರು ಹೇಳಲ್ಲ. ಒಬ್ಬ ಅಂತೀನಿ."

"ನೀವು 'ಒಬ್ಬ' ಅಂದ್ರೆ ಯಾರು ಅಂತ ಕೇಳ್ತಾರೆ. ಕೇಳಿದ್ರೆ ಸಿಟ್ಟಲ್ಲಿ ವಂಶಾವಳಿನೇ ಹೇಳ್ತೀರ. ಅವರು ಅಚ್ಚು ಹಾಕಿಸ್ತಾರೆ. ನಾಳೆ ಅವನ ಮಕ್ಕಳೂ ಓದಬಹುದು."

"ಅವನಿಗೆ ಮದುವೆನೇ ಆಗಿಲ್ಲ."

"ಅದು ಅಚ್ಚಾದ ಮೇಲೆ ಆಗೋದೂ ಇಲ್ಲ."

ಪೇಂಟರ್ ಮಾತು ಕೊಡಲಿಲ್ಲ. ಹೇಳೇಬಿಡುವುದು ಎಂದು ದಾರಿಯುದ್ದಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡು, ಏಣಿಯನ್ನು ಹೆಗಲ ಮೇಲೆ ಹೊತ್ತು ಸಂಸತ್ತಿನ ಹಿಂಬಾಗಿಲಿಗೆ ಬಂದ. ಅಲ್ಲಿನ ಕಾವಲುಗಾರ ಅಡ್ಡ ನಿಂತ.

"ಏಣಿ ಒಬ್ಬರೇ ಒಯ್ಯೋ ಹಾಗಿಲ್ಲ."

"ಏಣಿಗೆ ಒಬ್ಬನೇ ಸಾಕು ಅಂತ ಹೇಳೋಕೇ ಬಂದಿರೋದು."

"ಅದನ್ನ ಒಳಗೆ ಹೇಳಿ. ಮೆಟ್ಟಿಲು ತಿರುವು ಇದೆ, ಗೋಡೆ ತುಂಬ ಹಳೇ ಸಭಾಪತಿಗಳ ಫೋಟೋ ಇದಾವೆ. ಉದ್ದದ ಸಾಮಾನಿಗೆ ಹಿಂದೊಬ್ಬ ಮುಂದೊಬ್ಬ. ಇದು ಇಲ್ಲಿನ ನಿಯಮ."

"ಯಾರು ಮಾಡಿದ್ದು?"

"ಫೋಟೋದಲ್ಲಿ ಇರೋರೇ."

ಪೇಂಟರ್ ಕೂಗಾಡಿದ. ಕಾವಲುಗಾರ ಕೂಗಾಟ ಕೇಳಿ ಪಳಗಿದ ಜಾಗದವನು, ಉಗುರು ನೋಡಿಕೊಂಡ. ಆಗ ರಸ್ತೆಯ ಆಚೆ ಬದಿಯಿಂದ ಒಬ್ಬ ಸಾವಕಾಶವಾಗಿ ದಾಟಿ ಬಂದ. ಭಾವನ ಸಿಟ್ಟು ಗೊತ್ತಲ್ಲ, ಹಿಂದೆ ಹಿಂದೆಯೇ ಇರು ಎಂದು ಅಕ್ಕ ಕಳಿಸಿದ್ದಳು.

"ಭಾವ, ಹಿಡೀಲಾ?"

ಪೇಂಟರ್ ಅವನನ್ನು ನೋಡಿದ, ಗೋಡೆಯ ಗಡಿಯಾರ ನೋಡಿದ. ಒಳಗಿನಿಂದ ಆಗಲೇ ಎರಡು ಸಲ ಕರೆದಿದ್ದರು.

"ಹಿಂದಿನ ತುದಿ ಹಿಡಿ. ಮಾತಾಡಬೇಡ."

"ನಾನೆಲ್ಲಿ ಮಾತಾಡ್ದೆ?"

"ಇದೇ ಮಾತು."

ಹೀಗೆ, ಏಣಿಗೆ ಇನ್ನೊಬ್ಬ ಬೇಕಿಲ್ಲ ಎಂಬ ವಾದದ ಏಣಿಯನ್ನು ಇಬ್ಬರು ಹೊತ್ತು ಒಳಗೆ ತಂದರು.

ಉದ್ದನೆಯ ಮೇಜು, ಏಳು ಜನ, ಏಳು ಮೈಕು, ಬೋರಲು ಹಾಕಿದ ಗಾಜಿನ ಲೋಟಗಳು. ಎದುರಿಗೆ ಇಲಾಖೆಯ ಕಾರ್ಯದರ್ಶಿ, ಅವರ ಬೆನ್ನಿಗೆ ಕಡತ ಹೊತ್ತ ಇಬ್ಬರು. ಮೂಲೆಯಲ್ಲಿ ಕೂತಿದ್ದವಳೊಬ್ಬಳು ಆಡಿದ್ದನ್ನೆಲ್ಲ ಬೆರಳಚ್ಚು ಮಾಡುತ್ತಿದ್ದಳು. ಅಧ್ಯಕ್ಷರ ತಲೆಯ ಹಿಂದೆ ಗೋಡೆಯ ಬಣ್ಣ ಗುಳ್ಳೆ ಎದ್ದಿತ್ತು. ಹಸಿ ಆರುವ ಮುಂಚೆ ಎರಡನೆಯ ಕೈ ಬಣ್ಣ ಹೊಡೆದಿದ್ದಾರೆ, ಕಳ್ಳರು, ಎಂದುಕೊಂಡ ಪೇಂಟರ್.

ಅಧ್ಯಕ್ಷರು ಸಾವಕಾಶನ ಕಡೆ ನೋಡಿದರು. "ಇವರು ಯಾರು?"

"ಏಣಿ ತಂದೋನು."

"ಹಾಗಾದ್ರೆ ನೀವು?"

"ಏಣಿ ಹತ್ತೋನು."

"ಅಲ್ಲಿಗೆ ಇಬ್ಬರಾದರು" ಎಂದರು ಆಡಳಿತ ಪಕ್ಷದ ಒಬ್ಬರು. ಎಲ್ಲರೂ ನಕ್ಕರು. ಬೆರಳಚ್ಚಿನವಳು 'ನಗು' ಎಂದು ಹಾಕಿದಳು.

ಮೊದಲು ಕಾರ್ಯದರ್ಶಿ ಮಾತಾಡಿದರು. ಹಿಡಿಯುವವರಿದ್ದೂ ಏಣಿಯಿಂದ ಬಿದ್ದ ಒಂದೇ ಒಂದು ಪ್ರಕರಣ ಇಲಾಖೆಯ ಗಮನಕ್ಕೆ ಬಂದಿಲ್ಲ ಎಂದರು. ಟೀಚರ್ ಮೈಕಿನ ಗುಂಡಿ ಒತ್ತಿದರು.

"ಸಾಕ್ಷಿದಾರರನ್ನೇ ಕೇಳೋಣ. ನಿಮಗೆ ಗೊತ್ತಿರೋ ಹಾಗೆ, ಕೆಳಗೆ ಒಬ್ಬ ಹಿಡಿದಿದ್ದಾಗಲೂ ಏಣಿಯಿಂದ ಬಿದ್ದೋರು ಯಾರಾದ್ರೂ ಇದ್ದಾರಾ? ನಿಧಾನವಾಗಿ ಹೇಳಿ. ಒಂದಿದ್ರೂ ಸಾಕು."

ಆಡಳಿತ ಪಕ್ಷದ ಇಬ್ಬರು ಪೆನ್ನು ಎತ್ತಿಕೊಂಡರು.

ಪೇಂಟರ್ ಬಾಯಿ ತೆರೆದ. ಮಾತು ನಾಲಿಗೆಯ ತುದಿಗೆ ಬಂದಿತ್ತು, ಲಾರಿಯವರ ಸಮೇತ. ಆಗ ಸಾವಕಾಶ ಕಂಡ. ಬಾಗಿಲ ಪಕ್ಕದಲ್ಲಿ ನಿಂತು ತನ್ನ ಎರಡೂ ಅಂಗೈಗಳನ್ನು ಅಂಗಿಗೆ ಒರೆಸಿಕೊಳ್ಳುತ್ತಿದ್ದ. ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದ. ಮುಖ ಸುಣ್ಣ ಬಳಿದ ಗೋಡೆಯ ಹಾಗಿತ್ತು, ಒಂದೇ ಕೈ ಹೊಡೆದದ್ದು. ಬೆರಳಚ್ಚಿನವಳ ಬೆರಳುಗಳು ಕಾಯುತ್ತಿದ್ದವು.

"ಇಲ್ಲ" ಎಂದ ಪೇಂಟರ್.

ಟೀಚರ್ ಕನ್ನಡಕ ತೆಗೆದರು. "ಯಾರೂ ಇಲ್ವಾ?"

"ಯಾರೂ ಇಲ್ಲ."

"ನೀವೇ ಯಾವತ್ತಾದ್ರೂ ಬಿದ್ದಿದ್ದೀರಾ?" ಎಂದರು ಕಾರ್ಯದರ್ಶಿ.

"ಬಚ್ಚಲಲ್ಲಿ."

ಇಬ್ಬರೂ ಪೆನ್ನು ಕೆಳಗಿಟ್ಟರು. ಪೇಂಟರ್‌ಗೆ ತನ್ನ ಮೇಲೇ ಎಲ್ಲಿಲ್ಲದ ಸಿಟ್ಟು ಬಂತು, ಬಂದ ಸಿಟ್ಟು ಅಭ್ಯಾಸಬಲದಿಂದ ಎದುರಿಗಿದ್ದವರ ಕಡೆ ತಿರುಗಿತು. "ಉದಾಹರಣೆ ಯಾಕೆ ಬೇಕು? ಕಣ್ಣಾರೆ ನೋಡಿ! ಏಣಿ ನಿಲ್ಲಿಸೋದು ಗೊತ್ತಿದ್ರೆ ಯಾವ ನನ್ಮಗನೂ ಹಿಡೀಬೇಕಿಲ್ಲ" ಎಂದು ಎದ್ದವನೇ, ನೆಲಕ್ಕೆ ಹಾಸಿದ್ದ ಜಮಖಾನೆಯನ್ನು ಮಡಿಸಿ, ಏಣಿಯನ್ನು ಗುಳ್ಳೆ ಎದ್ದ ಗೋಡೆಗೆ ಆನಿಸಿದ. "ಲೋ, ನೀನು ಕೈ ಕಟ್ಕೊಂಡು ಅಲ್ಲೇ ನಿಂತ್ಕೋ. ಮುಟ್ಟಿದ್ರೆ ನೋಡು" ಎಂದು ಸಾವಕಾಶನಿಗೆ ಹೇಳಿ ಹತ್ತಿದ.

ಏಣಿ ಬಂಡೆಯ ಹಾಗೆ ನಿಂತಿತ್ತು. ಮೇಲಿನ ಮೆಟ್ಟಿಲಿಗೆ ಬಂದು, ಬಣ್ಣ ಹೊಡೆಯುವುದನ್ನು ತೋರಿಸಲು ಬಲಗೈ ಎತ್ತಿದ. ಕೈ ಕಿವಿಯ ಮಟ್ಟಕ್ಕೆ ಬಂದು ಹಿಡಿದುಕೊಂಡಿತು. ನೋವಿಗೆ ಅವನು ಒಂದು ಸಲ ಜೋಲಿ ಹೊಡೆದ, ಅಷ್ಟೇ. ಕೆಳಗೆ ಏಳು ಕುರ್ಚಿಗಳು ಒಟ್ಟಿಗೇ ಹಿಂದೆ ಸರಿದವು. ಆಡಳಿತ ಪಕ್ಷದವರು ಏಣಿಯ ಒಂದು ಕಾಲು ಹಿಡಿದರು, ವಿರೋಧ ಪಕ್ಷದವರು ಇನ್ನೊಂದು. ಅಧ್ಯಕ್ಷರಿಗೆ ಕಾಲು ಸಿಗಲಿಲ್ಲ. ನಡುವಿನ ಮೆಟ್ಟಿಲು ಹಿಡಿದರು. ಆ ಸಮಿತಿ ಯಾವ ವಿಷಯದಲ್ಲೂ ಅಷ್ಟು ಒಮ್ಮತದಿಂದ ಎದ್ದದ್ದಿಲ್ಲವೆಂದು ಆಮೇಲೆ ಹೇಳುತ್ತಿದ್ದರು. ಏಣಿ ಹಿಡಿಯುವುದೇ ಕೆಲಸವಾಗಿದ್ದ ಸಾವಕಾಶ ಮಾತ್ರ ಮುಟ್ಟದೆ ನಿಂತಿದ್ದ.

"ಕೈ ಬಿಡ್ರೀ! ನಿಮಗೆ ಯಾರು ಹಿಡಿ ಅಂದಿದ್ದು?" ಎಂದು ಪೇಂಟರ್ ಮೇಲಿನಿಂದ ಕಿರುಚಿದ. ನಂತರ ಅವನು ಆಡಿದ ಮಾತುಗಳನ್ನು ಅಧ್ಯಕ್ಷರು ಕಡತದಿಂದ ತೆಗೆಸಿದರು. ಮುದ್ರಿತ ವರದಿಯಲ್ಲಿ ಆ ಜಾಗದಲ್ಲಿ ಒಂದೂವರೆ ಸಾಲು ಚುಕ್ಕಿಗಳಿವೆ.

ವಾಪಸು ಬರುವಾಗ ಪೇಂಟರ್ ಮುಂದೆ, ಸಾವಕಾಶ ಹಿಂದೆ. ಒಂದು ಮಾತು ಬಂದೀತೆಂದು ಪೇಂಟರ್ ಕಿವಿಯನ್ನು ಹಿಂದಕ್ಕೆ ಬಿಟ್ಟುಕೊಂಡು ನಡೆದ. ತಿರುವಿನಲ್ಲಿ ಸಾವಕಾಶ ಗಂಟಲು ಸರಿಮಾಡಿಕೊಂಡ.

"ಭಾವ..."

"ಹೇಳು."

"ಬಗ್ಗಿ. ಫೋಟೋ ಇದೆ."

ಸಮಿತಿಯ ವರದಿ ಬಂತು. ಸಾಕ್ಷಿದಾರರ ಹೇಳಿಕೆಯನ್ನೂ ಪ್ರಾತ್ಯಕ್ಷಿಕೆಯನ್ನೂ ಗಮನಿಸಿ, ಸ್ವಂತ ಅನುಭವದಿಂದ ಮನವರಿಕೆಯಾಗಿ, ಕಲಮನ್ನು ಹಾಗೆಯೇ ಉಳಿಸಿಕೊಳ್ಳಲು ಸಮಿತಿ ಒಮ್ಮತದಿಂದ ಶಿಫಾರಸು ಮಾಡಿದೆ ಎಂದಿತ್ತು. ಟೀಚರೂ ಸಹಿ ಹಾಕಿದ್ದರು. ಕೇಳಲು ಹೋದವನಿಗೆ, "ನಾನೇನು ಮಾಡ್ಲಿ? ನಾನೂ ಹಿಡಿದಿದ್ನಲ್ಲ" ಎಂದರು. ಸದನದಲ್ಲಿ ಮಸೂದೆ ಬಂದ ದಿನ ಬೇರೆ ಯಾವುದೋ ವಿಷಯಕ್ಕೆ ಗದ್ದಲವಿತ್ತು. ಆ ಗದ್ದಲದಲ್ಲೇ 'ಹೌದು' ಎನ್ನುವವರು ಹೌದು ಎಂದರು, ಕಾನೂನಾಯಿತು.

ಮರುವಾರ ಸಾವಕಾಶ ಕೆಲಸಕ್ಕೆ ಬಂದ. ಅಡುಗೆಮನೆಯಲ್ಲಿ ಹೆಂಡತಿ ಏನೂ ಮಾತಾಡಲಿಲ್ಲ, ಗೆದ್ದವರು ಮಾತಾಡಬೇಕಿಲ್ಲ. ಪೇಂಟರ್ ಮಾತ್ರ ಹಿಡಿದವನಿದ್ದರೂ ವಾಲದೆ, ಮೊದಲಿನ ಹಾಗೇ ಇಳಿದು ಇಳಿದು ಏಣಿ ಸರಿಸುತ್ತಿದ್ದ. ಅವನು ಇಳಿದಾಗ ಸಾವಕಾಶ ಕೈ ಬಿಡುತ್ತಿದ್ದ, ಹತ್ತಿದಾಗ ಹಿಡಿಯುತ್ತಿದ್ದ.

ಒಂದು ದಿನ ಅಂಚೆ ಕಚೇರಿಯ ಗೋಡೆಗೆ ಬಣ್ಣ ಹೊಡೆಯುವಾಗ ಕಾರ್ಮಿಕ ಇಲಾಖೆಯ ತನಿಖಾಧಿಕಾರಿ ಬಂದರು. ಹೊಸ ಕಾನೂನು ಪಾಲನೆಯಾಗುತ್ತಿದೆಯೇ ಎಂದು ನೋಡುವುದು ಅವರ ಕೆಲಸ. ಸಾವಕಾಶನನ್ನು ಮೇಲಿಂದ ಕೆಳಗೆ ನೋಡಿದರು.

"ಹಿಡಿಯೋದ್ರಲ್ಲಿ ಅನುಭವ ಇದೆಯಾ?"

"ಬೇಕಾದಷ್ಟಿದೆ ಸಾರ್."

"ನೀನು ಹಿಡಿದಿದ್ದಾಗ ಯಾರಾದ್ರೂ ಬಿದ್ದಿದ್ದಾರಾ?"

ಪೇಂಟರ್ ಮೇಲೆ ಬ್ರಷ್ಷನ್ನು ಹಾಗೇ ಗೋಡೆಗೆ ಒತ್ತಿ ಹಿಡಿದು ನಿಂತ.

"ಇಲ್ಲ ಸಾರ್" ಎಂದ ಸಾವಕಾಶ, ಸ್ವಲ್ಪವೂ ಅವಸರ ಮಾಡದೆ. "ಬೇಕಾದ್ರೆ ಸಂಸತ್ತಿನ ವರದಿ ತೆಗೆದು ನೋಡಿ. ನಮ್ಮ ಭಾವನೇ ಹೇಳಿದ್ದಾರೆ, ಅಚ್ಚಾಗಿದೆ."

ಅಧಿಕಾರಿ ತೃಪ್ತರಾಗಿ ಹೋದರು. ಪೇಂಟರ್ ದಡದಡ ಇಳಿದು ಬಂದ.

"ಏನೋ ಅಂದೆ ಅವರಿಗೆ?"

"ನಾನೇನು ಅಂದೆ ಭಾವ? ನೀವು ಅಂದಿದ್ದನ್ನೇ ಅಂದೆ."

ಪೇಂಟರ್ ಏಣಿ ಸರಿಸಿ, ಮತ್ತೆ ಹತ್ತಿದ. ಕೆಳಗಿನಿಂದ ಹಿಡಿತ ಗಟ್ಟಿಯಾಗಿಯೇ ಇತ್ತು.

ಇದಾಗಿ ಬಹಳ ಕಾಲವಾಯಿತು. ಸಾವಕಾಶನಿಗೆ ಮದುವೆಯಾಯಿತು, ಎರಡು ಮಕ್ಕಳಾದವು, ಕೂದಲೂ ನೆರೆಯಿತು. 'ತಪ್ಪಾಯ್ತು ಭಾವ' ಎಂಬ ಮಾತು ಮಾತ್ರ ಬಂದಿಲ್ಲ. ಕೇಳಿ ತೆಗೆದುಕೊಂಡರೆ ಅದು ತೀರಿದ ಲೆಕ್ಕವಲ್ಲ ಎಂದು ಪೇಂಟರ್ ಕೇಳಿಲ್ಲ. ಕೇಳದೆ ಕೊಡುವಷ್ಟು ಅವಸರ ಸಾವಕಾಶನಿಗಿಲ್ಲ.